ಜಾರ್ವಿಸ್ ‘ಸಮುದ್ರ ಜಯ’ವಾದ ತಿಂಗಳುಗಳು

ನನಗೆ ಆ ಕೆಲಸ ಸಿಕ್ಕಿದ್ದು ಬಂಗಾಳಿ ಬರುತ್ತಿದ್ದ ಕಾರಣಕ್ಕೆ. ಗಂಗೊಳ್ಳಿಯವನಾದ ನಾನು ಎಂಬತ್ತರ ದಶಕದಲ್ಲಿ ಕಲ್ಕತ್ತದ ತಾರಾತಲಾದಲ್ಲಿರುವ ಡಿ.ಎಂ.ಇ.ಟಿ.ಯಲ್ಲಿ ನಾಲ್ಕು ವರ್ಷ ಮರೈನ್ ಇಂಜಿನಿಯರಿಂಗ್ ಓದಿದೆ. ಹಾಸ್ಟೆಲಿನ ಅಡುಗೆಯವರು, ವರ್ಕ್‌ಶಾಪಿನ ಮಿಸ್ತ್ರಿಗಳು, ಟ್ರಾಮಿನ ಕಂಡಕ್ಟರುಗಳು ನನಗೆ ಆ ಭಾಷೆ ಕಲಿಸಿದರು. ಆಮೇಲೆ ಹದಿನೈದು ವರ್ಷ ಸರಕು ಹಡಗುಗಳಲ್ಲಿ ತಿರುಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆ ನಿಂತೆ, ಹಡಗು ರಿಪೇರಿಯ ಗುತ್ತಿಗೆ ಕೆಲಸ ಹಿಡಿದೆ. 2013ರಲ್ಲಿ ಒಂದು ದಿನ ಮೇಲಿನವರು ಕರೆದು, “ಬಾಂಗ್ಲಾದೇಶದ ನೌಕಾಪಡೆಯವರು ಬರುತ್ತಿದ್ದಾರೆ, ಅಲಮೀಡಾದಲ್ಲಿ ಒಂದು ಕಟರ್ ಇದೆ, ಇಂಜಿನ್ ರೂಮ್ ನಿನ್ನದು” ಎಂದರು. ಅಲಮೀಡಾ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದ ಊರು. ಅಮೆರಿಕದ ಕರಾವಳಿ ಕಾವಲು ಪಡೆಯಾದ ಕೋಸ್ಟ್ ಗಾರ್ಡ್‌ನಲ್ಲಿ ಹಡಗಿಗೆ ಕಟರ್ ಎನ್ನುತ್ತಾರೆ. ಆ ಕಟರಿನ ಹೆಸರು ಜಾರ್ವಿಸ್.

ಹಡಗನ್ನು ಮೊದಲ ಸಲ ನೋಡಿದಾಗ ಅದರ ಮೈಯೆಲ್ಲ ಬಿಳಿ, ಮುಂಭಾಗದಲ್ಲಿ ಓರೆಯಾಗಿ ಎಳೆದ ಅಗಲದ ಕೆಂಪು ಪಟ್ಟಿ, ಪಕ್ಕದಲ್ಲಿ ತೆಳ್ಳಗಿನ ನೀಲಿ. 725 ಎಂಬ ಅಂಕಿ. ಉದ್ದ 115 ಮೀಟರ್. ನ್ಯೂ ಆರ್ಲಿಯನ್ಸ್ ಹತ್ತಿರದ ಏವನ್‌ಡೇಲ್ ಯಾರ್ಡಿನಲ್ಲಿ ಕಟ್ಟಿ, 1972ರ ಆಗಸ್ಟಿನಲ್ಲಿ ಹೊನೊಲುಲುವಿನಲ್ಲಿ ಸೇವೆಗೆ ಇಳಿಸಿದ್ದು. ನಲವತ್ತು ವರ್ಷ ದುಡಿದು 2012ರ ಅಕ್ಟೋಬರಿನಲ್ಲಿ ನಿವೃತ್ತವಾಗಿತ್ತು. ಹ್ಯಾಮಿಲ್ಟನ್ ವರ್ಗದ ಹನ್ನೆರಡು ಕಟರುಗಳಲ್ಲಿ ಇದೂ ಒಂದು. ಆ ಹನ್ನೆರಡೂ ಕಾಲಕ್ರಮದಲ್ಲಿ ಫಿಲಿಪ್ಪೀನ್ಸ್, ನೈಜೀರಿಯಾ, ಬಾಂಗ್ಲಾದೇಶ, ವಿಯೆಟ್ನಾಂ, ಶ್ರೀಲಂಕಾಗಳಿಗೆ ಹಂಚಿಹೋಗಿವೆ. ತಮಗೆ ಹೆಚ್ಚಾದ ರಕ್ಷಣಾ ಸಾಮಗ್ರಿಯನ್ನು ಮಿತ್ರ ದೇಶಗಳಿಗೆ ಕೊಡಲು ಅಮೆರಿಕದಲ್ಲಿ ಒಂದು ಕಾನೂನಿದೆ. ಹಡಗು ಪುಕ್ಕಟೆ, ಆದರೆ ಅದನ್ನು ಮತ್ತೆ ಓಡುವಂತೆ ಮಾಡುವ ರಿಪೇರಿ, ಬಿಡಿಭಾಗ, ತರಬೇತಿಗಳ ಖರ್ಚು ಬೇರೆ.

“ಗುಜರಿಗೆ ಹೋಗಬೇಕಾದ್ದನ್ನು ಬಡವರಿಗೆ ದಾಟಿಸುತ್ತಿದ್ದಾರೆ” ಎಂದು ಆಗ ನನ್ನ ಕೆಲವು ಗೆಳೆಯರೇ ಹೇಳಿದರು. ನನಗೆ ಬಹಳ ಬೇಸರವಾಯಿತು. ನಮ್ಮ ಗಂಗೊಳ್ಳಿ ಬಂದರಿನಲ್ಲಿ ಹಳೇ ಬೋಟು ಕೊಂಡವನು ಅದಕ್ಕೆ ತನ್ನ ಮನೆದೇವರ ಹೆಸರು ಬರೆಸಿ, ಕಾಯಿ ಒಡೆದು, ಇಂಜಿನ್ನಿನ ಒಂದೊಂದು ನಟ್ಟನ್ನೂ ಬಿಚ್ಚಿ ನೋಡಿ ಆಮೇಲೆ ಕಡಲಿಗೆ ಇಳಿಸುತ್ತಿದ್ದ. ಹೊಸ ಬೋಟಿನವನಿಗಿಂತ ಅವನೇ ತನ್ನ ಬೋಟನ್ನು ಚೆನ್ನಾಗಿ ಬಲ್ಲವನಾಗಿರುತ್ತಿದ್ದ. ಅಲಮೀಡಾದಲ್ಲಿ ನಾನು ಕಂಡದ್ದೂ ಅದನ್ನೇ.

ಬಂದವರಲ್ಲಿ ಅಧಿಕಾರಿಗಳು, ನಾವಿಕರು, ಇ.ಆರ್.ಎ.ಗಳು ಎಲ್ಲರೂ ಇದ್ದರು. ಇಂಜಿನ್ ರೂಮಿನ ಕುಶಲಕರ್ಮಿಗೆ ಇ.ಆರ್.ಎ. ಎನ್ನುವುದು ಬ್ರಿಟಿಷರ ಕಾಲದಿಂದ ಬಂದ ರೂಢಿ. ಬ್ರಿಟನ್ನಿನ ಹಳೇ ಫ್ರಿಗೇಟುಗಳನ್ನು ದಶಕಗಟ್ಟಲೆ ಓಡಿಸಿದ, ಚೀನಾದ ಹಡಗುಗಳಲ್ಲೂ ಕೈ ಪಳಗಿಸಿಕೊಂಡ ಪಡೆ ಅದು. ಹಳೇ ಯಂತ್ರ ಅಂದರೆ ಅವರಿಗೆ ಹೆದರಿಕೆಯಿಲ್ಲ. ನಾನು ಬಂಗಾಳಿಯಲ್ಲಿ ಮಾತಾಡಿದ ಮೊದಲ ದಿನ ಎಲ್ಲರೂ ಸುಮ್ಮನೆ ನಿಂತು ಕೇಳಿದರು. ಆಮೇಲೆ ಒಬ್ಬ ಮೆಲ್ಲಗೆ, “ದಾದಾ, ನೀವು ಜಲ್ ಅಂತೀರಿ, ನಾವು ಪಾನಿ ಅಂತೀವಿ” ಎಂದ. ಕಲ್ಕತ್ತದ ಹಾಸ್ಟೆಲಿನಲ್ಲಿ ಕಲಿತದ್ದು ‘ಜಲ್’. ನನಗೆ ಅದು ಕನ್ನಡದ ಜಲವೇ ಆಗಿದ್ದರಿಂದ ಬಾಯಿಗೆ ಸಲೀಸಾಗಿ ಕೂತಿತ್ತು. ಅಂದಿನಿಂದ ತರಗತಿಯಲ್ಲಿ ‘ಪಾನಿ’ ಎನ್ನಲು ಪ್ರಯತ್ನಪಟ್ಟೆ, ಮರೆತು ಎಷ್ಟೋ ಸಲ ‘ಜಲ್’ ಎಂದೆ. ಹಾಗೆ ತಿದ್ದಿದವನು ಬರಿಶಾಲ್ ಕಡೆಯ ಇ.ಆರ್.ಎ., ಇಪ್ಪತ್ತೇಳರ ಆಸುಪಾಸಿನವನು. ಕಡೆಯವರೆಗೂ ನನ್ನ ಬಲಗೈಯಂತೆ ಇದ್ದವನು ಅವನೇ.

ಮೇ 23ರಂದು ಹಸ್ತಾಂತರ ಸಮಾರಂಭ. ಭಾಷಣಗಳು, ಬ್ಯಾಂಡು, ಮೂಲೆಯಲ್ಲಿ ಹಸಿರು-ಕೆಂಪು ಬಾವುಟವಿರುವ ಬಿಳಿಯ ನೌಕಾಧ್ವಜ. ಹಡಗಿನ ಹೆಸರು ‘ಬಿ.ಎನ್.ಎಸ್. ಸಮುದ್ರ ಜಯ’ ಆಯಿತು. ಅವರ ಬಾಯಲ್ಲಿ ‘ಶೊಮುದ್ರೊ ಜೊಯ್’. 2012ರ ಮಾರ್ಚಿನಲ್ಲಿ ಮ್ಯಾನ್ಮಾರ್ ಜೊತೆಗಿನ ಕಡಲ ಗಡಿಯ ವಿವಾದದಲ್ಲಿ ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಯ ತೀರ್ಪು ಬಂದಾಗ ಬಾಂಗ್ಲಾದೇಶದ ಜನ ಅದನ್ನು ಇದೇ ಮಾತಿನಲ್ಲಿ ಕರೆದಿದ್ದರು. ಗೆದ್ದ ಕಡಲಿನಲ್ಲಿ ವಾರಗಟ್ಟಲೆ ಗಸ್ತು ತಿರುಗುವ ಹಡಗು ಅವರಿಗೆ ಬೇಕಿತ್ತು. ದಡದಿಂದ ದೂರ ಹೋಗಿ ಅಲ್ಲಿಯೇ ಉಳಿಯುವುದಕ್ಕೆಂದೇ ಕಟ್ಟಿದ್ದು ಈ ವರ್ಗದ ಹಡಗು. ಅಲಾಸ್ಕಾದ ಚಳಿಗಾಲದ ಅಲೆಗಳಲ್ಲಿ ನಿಂತ ಮೈಕಟ್ಟು ಬಂಗಾಳ ಕೊಲ್ಲಿಯ ಮಳೆಗಾಲಕ್ಕೂ ನಿಲ್ಲುತ್ತದೆ ಎಂಬ ನಂಬಿಕೆ ನನಗಿತ್ತು.

ಧ್ವಜ ಏರಿದ ಮಾತ್ರಕ್ಕೆ ಹಡಗು ಅವರದಾಗಲಿಲ್ಲ. ನಿಜವಾದ ಹಸ್ತಾಂತರ ಅದರ ಹಿಂದೆ ಮುಂದೆ ತಿಂಗಳುಗಟ್ಟಲೆ ನಡೆಯಿತು.

ಮೊದಲು ಎಣಿಕೆ. ಪ್ರತಿ ಕೋಣೆಗೂ ಇಬ್ಬರು ಹೋಗಿ, ಪಟ್ಟಿ ಹಿಡಿದು, ಒಂದೊಂದು ವಸ್ತುವನ್ನೂ ಮುಟ್ಟಿ ನೋಡಿ ಟಿಕ್ ಹಾಕಬೇಕು. ಪಂಪು, ವಾಲ್ವು, ಬೆಂಕಿ ಆರಿಸುವ ಸಿಲಿಂಡರ್, ಬೀಗದ ಕೈ. ಕೋಣೆಯ ಗೋಡೆಯ ಮೇಲೆ ಬರೆದಿರುವ ಸಂಖ್ಯೆಯನ್ನು ಓದುವುದೇ ಒಂದು ವಿದ್ಯೆ. ಮೊದಲ ಅಂಕಿ ಡೆಕ್, ಎರಡನೆಯದು ಮುಂಭಾಗದಿಂದ ಎಷ್ಟನೇ ಪಕ್ಕೆಲುಬು ಎಂಬುದು, ಮೂರನೆಯದು ಬೆಸವಾದರೆ ಬಲಗಡೆ, ಸಮವಾದರೆ ಎಡಗಡೆ, ಸೊನ್ನೆಯಾದರೆ ನಡುವೆ. ಕಡೆಯ ಅಕ್ಷರ ಆ ಕೋಣೆ ಯಾವ ಕೆಲಸದ್ದು ಎಂದು ಹೇಳುತ್ತದೆ. ಬೆಂಕಿ ಬಿದ್ದು ಕತ್ತಲಾದಾಗ ಧ್ವನಿವರ್ಧಕದಲ್ಲಿ ಆ ಸಂಖ್ಯೆ ಕೇಳಿದ ತಕ್ಷಣ ಕಾಲು ತಾನಾಗಿ ಆ ಕಡೆ ನಡೆಯಬೇಕು. ಎರಡು ವಾರ ಬೇರೇನೂ ಮಾಡದೆ ಬರೀ ಇದನ್ನೇ ಅಭ್ಯಾಸ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಂಜಿನ್ ರೂಮಿನಿಂದ ಮೇಲಿನ ಡೆಕ್ಕಿಗೆ ಏಣಿ ಹತ್ತಿದರು. ಫ್ಯಾರನ್‌ಹೀಟು, ಇಂಚು, ಪೌಂಡುಗಳ ತಲೆನೋವು ಬೇರೆ. ಪ್ರತಿ ಗೇಜಿನ ಪಕ್ಕ ಸೆಲ್ಸಿಯಸ್ಸಿನಲ್ಲೂ ಒತ್ತಡದ ‘ಬಾರ್’ ಅಳತೆಯಲ್ಲೂ ಚೀಟಿ ಅಂಟಿಸಿದೆವು.

ನನ್ನ ಜೀವ ಇದ್ದದ್ದು ಡೀಸೆಲ್ ಇಂಜಿನ್ನುಗಳಲ್ಲಿ. ಈ ಹಡಗಿನಲ್ಲಿ ಎರಡು ಬಗೆಯ ಶಕ್ತಿ. ನಿಧಾನವಾಗಿ ದೂರ ಹೋಗಲು ಎರಡು ಫೇರ್‌ಬ್ಯಾಂಕ್ಸ್ ಮೋರ್ಸ್ ಡೀಸೆಲ್‌ಗಳು, ಒಂದೊಂದೂ 3,500 ಅಶ್ವಶಕ್ತಿ. ಅಟ್ಟಿಸಿಕೊಂಡು ಹೋಗಲು ಎರಡು ಪ್ರ್ಯಾಟ್ ಅಂಡ್ ವಿಟ್ನಿ ಗ್ಯಾಸ್ ಟರ್ಬೈನ್‌ಗಳು, ಒಂದೊಂದೂ 18,000. ಡೀಸೆಲ್ ಇಲ್ಲವೇ ಟರ್ಬೈನ್, ಎರಡೂ ಒಟ್ಟಿಗೆ ಇಲ್ಲ. ಟರ್ಬೈನಿನ ಮೂಲ ಮೊದಲ ಪೀಳಿಗೆಯ ಬೋಯಿಂಗ್ 707 ವಿಮಾನಗಳ ಜೆಟ್ ಇಂಜಿನ್ ವಂಶ. ಅದು ಚಾಲೂ ಆದಾಗ ಸಣ್ಣಗೆ ಶುರುವಾಗುವ ಕೀರಲು ಸದ್ದು ಏರುತ್ತ ಏರುತ್ತ ಎದೆಗೂಡಿಗೇ ಬಂದು ಕೂರುತ್ತದೆ. 28-29 ನಾಟ್ ವೇಗ ಕೊಡುತ್ತದೆ, ಎಣ್ಣೆಯನ್ನೂ ಹಾಗೆಯೇ ಕುಡಿಯುತ್ತದೆ. ದಿನದಿನದ ಗಸ್ತಿಗೆ ಅನ್ನ ಹಾಕುವುದು ಡೀಸೆಲ್.

ಆ ಡೀಸೆಲ್ ಅಪರೂಪದ ಬಗೆಯದು. ಸಿಲಿಂಡರಿಗೆ ತಲೆ ಇಲ್ಲ, ವಾಲ್ವುಗಳಿಲ್ಲ. ಒಂದು ಸಿಲಿಂಡರಿನೊಳಗೆ ಎರಡು ಪಿಸ್ಟನ್‌ಗಳು, ಒಂದು ಮೇಲಿನಿಂದ, ಒಂದು ಕೆಳಗಿನಿಂದ, ಎದುರುಬದುರಾಗಿ ನುಗ್ಗಿ ನಡುವೆ ಗಾಳಿಯನ್ನು ಹಿಂಡುತ್ತವೆ. ಹನ್ನೆರಡು ಸಿಲಿಂಡರಿಗೆ ಇಪ್ಪತ್ತನಾಲ್ಕು ಪಿಸ್ಟನ್, ಮೇಲೊಂದು ಕೆಳಗೊಂದು ಕ್ರ್ಯಾಂಕ್‌ಶಾಫ್ಟ್. ಕೆಳಗಿನ ಕ್ರ್ಯಾಂಕು ಮೇಲಿನದಕ್ಕಿಂತ ಹನ್ನೆರಡು ಡಿಗ್ರಿ ಮುಂದೆ ಓಡುತ್ತದೆ. ಎರಡನೇ ಮಹಾಯುದ್ಧದ ಅಮೆರಿಕನ್ ಸಬ್‌ಮೆರೀನುಗಳಲ್ಲಿ ಹೆಸರು ಮಾಡಿದ ಇಂಜಿನ್ ಇದು. ಬೋರ್ಡಿನ ಮೇಲೆ ಚಿತ್ರ ಬರೆದರೆ ಯಾರಿಗೂ ಪೂರ್ತಿ ಹತ್ತಲಿಲ್ಲ. ಕಡೆಗೆ ನಾನು ಎರಡು ಅಂಗೈಗಳನ್ನು ಮುಖಾಮುಖಿ ಹಿಡಿದು, ಒಂದನ್ನು ಕೊಂಚ ಮುಂದೆ ಬಿಟ್ಟು ಹತ್ತಿರ ತಂದು ದೂರ ಮಾಡಿ ತೋರಿಸಿದೆ. ಮರುದಿನ ಊಟದ ಸಾಲಿನಲ್ಲಿ ನಿಂತವರೆಲ್ಲ ಒಬ್ಬರಿಗೊಬ್ಬರು ಅಂಗೈ ಹಿಡಿದು ಹನ್ನೆರಡು ಡಿಗ್ರಿ ಅಳೆಯುತ್ತಿದ್ದರು.

ಇಂಥ ಇಂಜಿನ್ನನ್ನು ಬಹಳ ದಿನ ನಿಂತ ಮೇಲೆ ಚಾಲೂ ಮಾಡುವ ಮೊದಲು ಒಂದು ವಿಧಿ ಇದೆ. ಎಲ್ಲ ಸಿಲಿಂಡರುಗಳ ಟೆಸ್ಟ್ ಕಾಕ್ ಎಂಬ ಸಣ್ಣ ನಲ್ಲಿ ತೆರೆದು, ಇಂಜಿನ್ನನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಯಾವ ಕಾಕ್‌ನಿಂದ ಏನು ಹೊರಬರುತ್ತದೆ ನೋಡಬೇಕು. ಬಾರಿಂಗ್ ಎನ್ನುತ್ತೇವೆ. ಒಳಗೆ ನೀರು ನಿಂತಿದ್ದರೆ ಇಲ್ಲಿ ತೋರುತ್ತದೆ. ನೋಡದೆ ಚಾಲೂ ಮಾಡಿದರೆ ಎದುರುಬದುರು ಬರುವ ಎರಡು ಪಿಸ್ಟನ್‌ಗಳ ನಡುವೆ ನೀರು ಸಿಕ್ಕಿಕೊಳ್ಳುತ್ತದೆ. ಗಾಳಿ ಮಣಿಯುತ್ತದೆ, ನೀರು ಮಣಿಯುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಅದೃಷ್ಟ ಕೆಟ್ಟರೆ ಸಿಲಿಂಡರಿನ ಒಳಗೋಡೆಯಾದ ಲೈನರೇ ಸೀಳುತ್ತದೆ.

ಆ ದಿನ ಬೆಳಿಗ್ಗೆ ಬಲಗಡೆಯ ಇಂಜಿನ್ನಿನ ಸರದಿ. ಕೂಲಿಂಗ್ ನೀರಿನ ಪರೀಕ್ಷೆ ಆರು ವಾರಗಳ ಹಿಂದೆಯೇ ಮುಗಿದಿತ್ತು. ಪರೀಕ್ಷೆ ಮಾಡಿದ ಗುತ್ತಿಗೆದಾರರು ‘ಸರಿಯಿದೆ’ ಎಂದು ಬರೆದಿದ್ದರು, ಕೆಳಗೆ ನನ್ನ ಸಹಿಯೂ ಇತ್ತು. ಸಮಯ ಮೀರುತ್ತಿತ್ತು. ಬಾರಿಂಗ್ ಅರ್ಧ ಸುತ್ತಾದರೆ ಸಾಕು, ಏರ್ ಕೊಟ್ಟು ಚಾಲೂ ಮಾಡಿಬಿಡೋಣ ಎಂದು ಮೇಲಿನಿಂದ ಒತ್ತಾಯ ಬಂತು. ಬರಿಶಾಲಿನವನು ಒಪ್ಪಲಿಲ್ಲ. “ಪೂರ್ತಿ ಸುತ್ತು, ದಾದಾ” ಎಂದು ಟಾರ್ಚ್ ಹಿಡಿದು ಮಂಡಿಯೂರಿ ಸಾಲಿನ ಉದ್ದಕ್ಕೂ ಸರಿದ. ಒಂದು, ಎರಡು, ಮೂರು. ಎಣ್ಣೆಯ ತೆಳು ಮಂಜು ಬಿಟ್ಟರೆ ಏನಿಲ್ಲ. ಅರ್ಧ ಸುತ್ತು ದಾಟಿತು. ಏಳನೇ ಕಾಕ್ ಹತ್ತಿರ ಅವನ ಕೈ ನಿಂತಿತು. ಮೊದಲು ಗೊರಗೊರ ಸದ್ದು, ಆಮೇಲೆ ಕಿರುಬೆರಳಿನ ದಪ್ಪದ ನೀರಿನ ಎಳೆ, ಅವನ ಮಣಿಕಟ್ಟಿನ ಮೇಲೆಯೇ ಬಿತ್ತು. ತುಕ್ಕು ತಡೆಯಲು ಕೂಲಿಂಗ್ ನೀರಿಗೆ ಬೆರೆಸುವ ರಾಸಾಯನಿಕದ ಬಣ್ಣ ಅದರಲ್ಲಿತ್ತು.

“ಪಾನಿ” ಎಂದ. ನಾನು “ನಿಲ್ಲಿಸಿ” ಎಂದು ಕೂಗಿದ್ದು ಯಾವ ಭಾಷೆಯಲ್ಲೋ ನನಗೆ ನೆನಪಿಲ್ಲ.

ಸಿಲಿಂಡರಿನ ಸುತ್ತ ನೀರು ಓಡುವ ಜಾಕೆಟ್ ಇರುತ್ತದೆ. ಎಣ್ಣೆ ಚಿಮ್ಮಿಸುವ ಇಂಜೆಕ್ಟರ್, ಇಂಜಿನ್ ಚಾಲೂ ಮಾಡುವ ಸ್ಟಾರ್ಟಿಂಗ್ ಏರ್ ಇವೆಲ್ಲ ಒಳಗೆ ಹೋಗಬೇಕಾದರೆ ಆ ನೀರನ್ನು ದಾಟಿಕೊಂಡೇ ಹೋಗಬೇಕು. ಅದಕ್ಕಾಗಿ ಅಡಾಪ್ಟರ್ ಎಂಬ ಟೊಳ್ಳು ಕೊಳವೆಗಳನ್ನು ತಿರುಪಿ ಕೂರಿಸಿ ಸೀಲ್ ಹಾಕಿರುತ್ತಾರೆ. ಏಳನೇ ಸಿಲಿಂಡರಿನ ಒಂದು ಅಡಾಪ್ಟರಿನ ಸೀಲ್ ಒಣಗಿ ಗಟ್ಟಿಯಾಗಿತ್ತು. ಬಿಚ್ಚಿ ತೆಗೆದಾಗ ಅದು ಉಗುರಿನಂತೆ ಚಿಟ್ಟೆಂದು ಮುರಿಯಿತು. ಮೆತ್ತಗಿರಬೇಕಾದ ವಸ್ತು. ಆರು ವಾರ ಹಿಂದೆ ಅದು ನೀರು ಹಿಡಿದಿತ್ತೋ, ಅಥವಾ ಪರೀಕ್ಷೆಯ ಹೊತ್ತಿಗೆ ಯಾರೂ ಸಾಕಷ್ಟು ಹೊತ್ತು ಕಾಯಲಿಲ್ಲವೋ, ಅದು ಬಗೆಹರಿಯಲಿಲ್ಲ. ನನ್ನ ಸಹಿ ಮಾತ್ರ ಆ ಕಾಗದದ ಮೇಲೆ ಇತ್ತು, ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಎರಡೂ ಇಂಜಿನ್ನುಗಳ ಎಲ್ಲ ಅಡಾಪ್ಟರ್ ಸೀಲುಗಳನ್ನೂ ಬದಲಿಸಬೇಕೆಂದು ಹಟ ಹಿಡಿದೆ. ಒಂದಕ್ಕೆ ಖರ್ಚು ಒಪ್ಪಿದವರು ಎಲ್ಲಕ್ಕೂ ಒಪ್ಪಲು ಮೂರು ದಿನ ಹಿಡಿಯಿತು. ಬಾಂಗ್ಲಾದೇಶದ ಇಂಜಿನಿಯರ್ ಅಧಿಕಾರಿ ಮೇಜಿನ ಮೇಲೆ ಆ ಮುರಿದ ಸೀಲನ್ನಿಟ್ಟು, ಒಂದು ಮಾತೂ ಆಡದೆ ಕೂತಿದ್ದರು. ಕಡೆಗೆ ಅದೇ ಗೆದ್ದಿತು.

ಬದಲಿಸುವ ಕೆಲಸವನ್ನು ನಮ್ಮವರು ಮಾಡಲಿಲ್ಲ, ಅವರೇ ಮಾಡಿದರು. ನಾನು ಪಕ್ಕದಲ್ಲಿ ನಿಂತೆ. ಹನ್ನೊಂದು ದಿನ. ಪ್ರತಿ ಸೀಲಿಗೂ ಯಾರು ಹಾಕಿದರು, ಎಷ್ಟು ಬಿಗಿದರು ಎಂದು ಬಂಗಾಳಿಯಲ್ಲಿ ಒಂದು ನೋಟ್‌ಬುಕ್ ಬರೆದರು. ಆಮೇಲೆ ನೀರು ತುಂಬಿ ಒತ್ತಡ ಕೊಟ್ಟು ಒಂದು ಹಗಲು ಒಂದು ರಾತ್ರಿ ಪಹರೆ ಕೂತರು. ಬೆಳಗಿನ ಜಾವ ನಾನು ಹೋದಾಗ ಬರಿಶಾಲಿನವನು ಇಂಜಿನ್ನಿಗೆ ಬೆನ್ನು ಕೊಟ್ಟು ಕೂತೇ ಇದ್ದ. ಹಿಂದಿನ ರಾತ್ರಿ ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಕುಚ್ಚಲಕ್ಕಿ ಅನ್ನ ಮತ್ತು ಮೀನಿನ ಗಸಿಯ ಡಬ್ಬಿ ಅವನ ಪಕ್ಕದಲ್ಲಿ ತೊಳೆದಿಟ್ಟಿತ್ತು. ಅವರ ಮನೆಯಲ್ಲೂ ಬೇಯಿಸಿ ಒಣಗಿಸಿದ ಭತ್ತದ ಅಕ್ಕಿಯನ್ನೇ ಉಣ್ಣುವುದಂತೆ. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬಿತು ಎಂದ.

ಬಣ್ಣದ ಕೆಲಸವೂ ಜೊತೆಗೇ ನಡೆದಿತ್ತು. ಹೊರಮೈಯ ಬಿಳಿಯನ್ನು ಕೆರೆದು ಬೂದು ಬಣ್ಣ ಹೊಡೆಯಬೇಕು, 725 ಅಳಿಸಿ ಎಫ್-28 ಬರೆಯಬೇಕು. ಕೆರೆಯುವಾಗ ಉದುರಿದ ಒಂದು ಚಕ್ಕೆಯನ್ನು ಎತ್ತಿಕೊಂಡು ನೋಡಿದೆ. ಅಂಚಿನಲ್ಲಿ ಪದರ ಪದರವಾಗಿ ಬಿಳಿ, ನಡುವೆ ಕೆಂಪು ಪಟ್ಟಿಯ ಗೆರೆ, ಮತ್ತೆ ಬಿಳಿ, ಮತ್ತೆ ಕೆಂಪು. ಹಳೇ ಗೋಡೆಯ ಸುಣ್ಣದ ಹಾಗೆ, ಪ್ರತಿ ಪದರದ ಹಿಂದೆ ಬ್ರಶ್ ಹಿಡಿದ ಒಬ್ಬ ಹುಡುಗ ಇದ್ದಾನೆ. ಆ ಚಕ್ಕೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಕಂಟ್ರೋಲ್ ಬೂತಿನ ಒಂದು ಪ್ಯಾನೆಲ್ಲಿನ ಒಳಬದಿಯಲ್ಲಿ ಹಿಂದಿನವರು ಪೆನ್ಸಿಲ್ಲಿನಲ್ಲಿ ಬರೆದ ಸಾಲುಗಳಿದ್ದವು. ಯಾವ ಗೇಜು ಇಪ್ಪತ್ತು ಡಿಗ್ರಿ ಹೆಚ್ಚು ತೋರಿಸುತ್ತದೆ, ಯಾವ ವಾಲ್ವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಆಮೇಲೆ ಮುಚ್ಚಬೇಕು, ಚಳಿಯಲ್ಲಿ ಯಾವ ಪಂಪು ಹಟ ಮಾಡುತ್ತದೆ. ಯಾವ ಮ್ಯಾನುಯಲ್ಲಿನಲ್ಲೂ ಇಲ್ಲದ ವಿಷಯ. ಪೇಂಟರುಗಳು ಅದರ ಮೇಲೆ ಬಳಿದುಬಿಡುತ್ತಿದ್ದರು, ನಾನು ತಡೆದೆ. ಒಂದೊಂದು ಸಾಲನ್ನೂ ಬಂಗಾಳಿಗೆ ಹೇಳಿದೆ, ಅವರು ಪಕ್ಕದಲ್ಲೇ ಬರೆದುಕೊಂಡರು. ಹಳಬರು ಕಿವಿಯಿಂದ, ಬೆರಳಿನಿಂದ ಕಲಿತದ್ದು ಗೋಡೆಯಿಂದ ಗೋಡೆಗೆ ದಾಟಿದ್ದು ಹೀಗೆ. ಸಮಾರಂಭದ ದಿನಕ್ಕಿಂತ ಆ ಮಧ್ಯಾಹ್ನವೇ ನನಗೆ ಹಸ್ತಾಂತರವಾಗಿ ಕಂಡಿತು.

ಹಳೇ ಹೆಸರಿನ ಬಗ್ಗೆಯೂ ಅವರು ಕೇಳಿದರು. ಡೇವಿಡ್ ಜಾರ್ವಿಸ್ ಎಂಬ ಅಧಿಕಾರಿ 1897-98ರ ಚಳಿಗಾಲದಲ್ಲಿ ಅಲಾಸ್ಕಾದ ಉತ್ತರ ತುದಿಯ ಹಿಮದಲ್ಲಿ ಸಿಕ್ಕಿಬಿದ್ದ ತಿಮಿಂಗಿಲ ಬೇಟೆಯ ಹಡಗುಗಳ ಜನರಿಗಾಗಿ, ನಡುದಾರಿಯಲ್ಲಿ ಕೂಡಿಸಿದ ಸುಮಾರು 400 ಹಿಮಸಾರಂಗಗಳ ಮಂದೆಯನ್ನು ಹೊಡೆದುಕೊಂಡು ನೆಲದ ಮೇಲೆ ಒಟ್ಟು 1500 ಮೈಲಿ ಹೋಗಿದ್ದ. ಉಣ್ಣಲು ಇಲ್ಲದವರಿಗೆ ಆಹಾರ ತಾನಾಗಿ ನಡೆದು ಬಂದ ಹಾಗೆ. ಸೇವೆಗೆ ಸೇರಿದ ವರ್ಷವೇ, 1972ರ ನವೆಂಬರಿನಲ್ಲಿ, ಈ ಹಡಗೇ ಅಲಾಸ್ಕಾದ ಡಚ್ ಹಾರ್ಬರ್ ಬಳಿ ತಳ ತಾಗಿಸಿಕೊಂಡು ಇಂಜಿನ್ ರೂಮಿಗೆ ನೀರು ನುಗ್ಗಿತ್ತು. ಎಳೆದು ಕಾಪಾಡಿದ್ದು ಜಪಾನಿನ ಮೀನುಗಾರಿಕೆ ಹಡಗು. ನಾವು ನಿಂತಿದ್ದ ನೆಲದ ಮೇಲೆಯೇ ಆ ನೀರು ನಿಂತಿತ್ತು ಎಂದಾಗ ಬರಿಶಾಲಿನವನು ಕೆಳಗೆ ಬಗ್ಗಿ ಪ್ಲೇಟನ್ನು ಅಂಗೈಯಿಂದ ಮುಟ್ಟಿದ.

ಕಡಲ ಪರೀಕ್ಷೆಗಳು ಸಲೀಸಾಗಿ ಮುಗಿದವು. ಮೊದಲ ಸಲ ಟರ್ಬೈನ್ ಕ್ಲಚ್ ಹಿಡಿದು ಹಡಗು ಮುಂದಕ್ಕೆ ಜಿಗಿದಾಗ ಬೂತಿನಲ್ಲಿದ್ದವರು ಯಾರೂ ಕೂಗಲಿಲ್ಲ. ಎಲ್ಲರ ಕಣ್ಣೂ ಗೇಜಿನ ಮೇಲೆ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡವಾಗಿತ್ತು.

ಆ ವರ್ಷದ ಕೊನೆಯ ಭಾಗದಲ್ಲಿ ಅವರು ಹೊರಟರು. ನಾನು ಗೋಲ್ಡನ್ ಗೇಟ್ ಸೇತುವೆಯ ಮೇಲೆ ಕಾಲುದಾರಿಯಲ್ಲಿ ನಿಂತಿದ್ದೆ. ಬೂದು ಹಡಗು ಕಾಲ ಕೆಳಗೆ ಹಾದುಹೋಯಿತು. ಎರಡು ಚಿಮಣಿಗಳಿಂದ ಡೀಸೆಲ್ಲಿನ ತೆಳು ಹೊಗೆ, ಕಪ್ಪಿಲ್ಲ, ಬಿಳಿಯಿಲ್ಲ. ಬಿಳಿ ಹೊಗೆ ಅಂದರೆ ನೀರು. ನಾನು ಅದನ್ನೇ ಹುಡುಕುತ್ತಿದ್ದೆ, ಕಾಣಲಿಲ್ಲ. ಪೆಸಿಫಿಕ್ ದಾಟಿ ಡಿಸೆಂಬರಿನಲ್ಲಿ ಚಟ್ಟೋಗ್ರಾಮ ಮುಟ್ಟಿದರು. ಡಿಸೆಂಬರ್ 23ರಂದು ಆಗಿನ ಪ್ರಧಾನಿ ಶೇಖ್ ಹಸೀನಾ ಹಡಗನ್ನು ನೌಕಾಪಡೆಗೆ ಸೇರಿಸಿಕೊಂಡರು. 2015ರಲ್ಲಿ ಇದರ ತಂಗಿ ಹಡಗು ರಶ್ ಕೂಡ ಅಲಮೀಡಾದಲ್ಲೇ ಹಸ್ತಾಂತರವಾಗಿ ‘ಸಮುದ್ರ ಅಭಿಯಾನ’ವಾಯಿತು. ಆ ಹೊತ್ತಿಗೆ ನಾನು ಬೇರೆ ಕೆಲಸದಲ್ಲಿದ್ದೆ.

2014ರ ಡಿಸೆಂಬರ್ 4ರಂದು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಲಕ್ಷಕ್ಕೂ ಹೆಚ್ಚು ಜನರ ಊರು, ಸುತ್ತ ಬರೀ ಉಪ್ಪುನೀರು, ನಲ್ಲಿಯಲ್ಲಿ ಹನಿ ಇಲ್ಲ. ಭಾರತದಿಂದ ವಿಮಾನಗಳು ಹೋದವು, ನೌಕಾಪಡೆಯ ಸುಕನ್ಯಾ, ದೀಪಕ್ ಹೋದವು. ಬಾಂಗ್ಲಾದೇಶ 100 ಟನ್ ಕುಡಿಯುವ ನೀರು ಹೇರಿ ಸಮುದ್ರ ಜಯವನ್ನು ಕಳಿಸಿತು. ಸುದ್ದಿ ಓದುತ್ತಿದ್ದ ಹಾಗೆಯೇ ಫೋನು ಬಂತು. ಒಂದು ವರ್ಷದ ಮೇಲೆ ಕೇಳಿದ ದನಿ.

“ದಾದಾ, ಜಲ್ ತಗೊಂಡು ಹೋಗ್ತಿದ್ದೀವಿ” ಎಂದ. ನನಗಾಗಿ ‘ಜಲ್’ ಎಂದಿದ್ದ. ಡೆಕ್ಕಿನ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಬಾಟಲಿಯ ಪೆಟ್ಟಿಗೆಗಳಿವೆಯಂತೆ.

ಕುಶಲ ಕೇಳುವ ಮೊದಲು ನನ್ನ ಬಾಯಿಂದ ಬಂದ ಮಾತು, “ಬಾರಿಂಗ್ ಮಾಡಿದ್ರಾ ಭಾಯ್?”

“ಪೂರ್ತಿ ಸುತ್ತು, ದಾದಾ. ಎರಡೂ ಇಂಜಿನ್, ಇಪ್ಪತ್ತನಾಲ್ಕು ಕಾಕ್. ಎಲ್ಲಾ ಒಣಗಿವೆ.”